ಕೇಳಿ ತಂದ ಟೊಂಗೆಗೆ ವೈಶಾಖದ ಹೂವು

ಹೊಳನಗದ್ದೆಯಲ್ಲಿ ಯಾರ ಅಂಗಳದಲ್ಲಾದರೂ ನಿಂತು ‘ಇದೆಂಥ ಹೂವು?’ ಎಂದು ಕೇಳಿ ನೋಡಿ. ಹೂವಿನ ಹೆಸರಿಗಿಂತ ಮೊದಲು ಮನುಷ್ಯರ ಹೆಸರು ಹೊರಡುತ್ತದೆ. ‘ಇದು ಬಾಡದ ಅತ್ತಿಗೆ ಕೊಟ್ಟದ್ದು. ಆ ಬದಿಯದು ಮಿರ್ಜಾನಿನ ಚಿಕ್ಕಮ್ಮನ ಮನೇದು. ಈ ಮಲ್ಲಿಗೆ ಇದೆಯಲ್ಲ, ನಾನು ಮದುವೆಯಾಗಿ ಬರುವಾಗ ಅಮ್ಮ ಬಾಳೆಲೆಯಲ್ಲಿ ಕಟ್ಟಿಕೊಟ್ಟ ಬುಡ.’ ಗಿಡ ಕೊಟ್ಟವರು ತೀರಿಕೊಂಡಿರಬಹುದು, ಊರು ಬಿಟ್ಟಿರಬಹುದು, ಮಾತು ಬಿಟ್ಟಿರಲೂಬಹುದು. ಗಿಡದ ಲೆಕ್ಕ ಮಾತ್ರ ಅವರ ಹೆಸರಿನಲ್ಲೇ ನಡೆಯುತ್ತದೆ. ಹೂವಿನ ನಿಜವಾದ ಹೆಸರನ್ನು ಕೆದಕಿ ಕೇಳಿದರೆ, ‘ಎಂಥದೋ ಮಾರಾಯ್ರೆ, ಬಾಯಿಗೆ ಬರೂದಿಲ್ಲ’ ಎಂದು ನಗುತ್ತಾರೆ.

ಇದು ಬರೀ ನೆನಪಿನ ಮಾತಲ್ಲ. ಈ ಹಿತ್ತಲುಗಳಲ್ಲಿ ವೈಶಾಖದಲ್ಲಿ ಅರಳುವ ಹೂಗಳಲ್ಲಿ ಹೆಚ್ಚಿನವು ಬೀಜದಿಂದ ಬರುವಂಥವೇ ಅಲ್ಲ. ನಾವು ಮುಡಿಯುವ ಮಲ್ಲಿಗೆ ಸಾಮಾನ್ಯವಾಗಿ ಕಾಯಿ ಕಟ್ಟುವುದಿಲ್ಲ. ಎಸಳು ತುಂಬಿದ ದಾಸವಾಳ, ಸುತ್ತು ನಂದಿಬಟ್ಟಲು ಇವುಗಳ ಕಥೆಯೂ ಹೆಚ್ಚುಕಡಿಮೆ ಅದೇ. ಒಬ್ಬರು ಕೇಳಬೇಕು, ಇನ್ನೊಬ್ಬರು ಮುರಿದು ಕೊಡಬೇಕು, ಆ ತುಂಡು ಮಣ್ಣು ಹಿಡಿದು ಬದುಕಬೇಕು. ಹಾಗಾದರೆ ಮಾತ್ರ ಇವುಗಳ ವಂಶ ಮುಂದುವರಿಯುತ್ತದೆ. ಹಕ್ಕಿ ತಂದು ಉದುರಿಸುವುದಿಲ್ಲ, ಗಾಳಿ ಒಯ್ಯುವುದಿಲ್ಲ. ಶತಮಾನಗಳಿಂದ ಮನುಷ್ಯರ ದಾಕ್ಷಿಣ್ಯದ ಮೇಲೆ ನಡೆದುಬಂದ ಗಿಡಗಳಿವು.

ಕುಮಟಾ ಪೇಟೆಯಿಂದ ಬಾಡ, ಕಾಗಾಲದ ಕಡೆ ಹೊರಟರೆ ಸಿಗುವ ಊರು ಹೊಳನಗದ್ದೆ. ಒಂದು ಬದಿ ಕಡಲು, ಇನ್ನೊಂದು ಬದಿ ಗದ್ದೆ ಬಯಲು, ನಡುವೆ ತೆಂಗಿನ ಹಿತ್ತಲುಗಳು. ಪಂಚಾಂಗದ ಲೆಕ್ಕದಲ್ಲಿ ವೈಶಾಖವೆಂದರೆ ವಸಂತದ ಎರಡನೆಯ ತಿಂಗಳು. ಇಲ್ಲಿ ಬೆವರು ಒರೆಸುತ್ತ ನಿಂತವರಿಗೆ ಅದನ್ನು ವಸಂತ ಎಂದರೆ ತಮಾಷೆಯಾಗಿ ಕೇಳುತ್ತದೆ. ಬಾವಿಯ ನೀರು ತಳ ಹಿಡಿದಿರುತ್ತದೆ. ಗದ್ದೆಯ ಮಣ್ಣು ಬಿರಿದಿರುತ್ತದೆ. ಅಳ್ವೆಕೋಡಿ, ಹಂದಿಗೋಣದ ಹೆದ್ದಾರಿಯ ಅಂಚಿನಲ್ಲಿ ಕುಮಟಾದ ಸಿಹಿ ಈರುಳ್ಳಿ ಗೊಂಚಲು ಗೊಂಚಲಾಗಿ ತೂಗುತ್ತಿರುತ್ತದೆ. ಮಧ್ಯಾಹ್ನದ ಮೇಲೆ ಬೀಸುವ ಕಡಲ ಗಾಳಿಯಲ್ಲಿ ಉಪ್ಪು. ಗಿಡಗಳೆಲ್ಲ ಸೋತು ಮಲಗಬೇಕಾದ ಈ ಹೊತ್ತಿನಲ್ಲೇ ಅಂಗಳ ವರ್ಷದಲ್ಲಿ ಇನ್ನೆಂದೂ ಇಲ್ಲದಷ್ಟು ಹೂ ಬಿಡುತ್ತದೆ.

ಮಲ್ಲಿಗೆಗೆ ಬೇಕಾದದ್ದೇ ಈ ಸೆಕೆ. ಮಳೆಗಾಲ ಕಳೆದು ಚಳಿ ಬಿಡುವುದರೊಳಗೆ ಗಿಡ ಸವರಿ, ಬುಡ ಬಿಡಿಸಿ, ಗೊಬ್ಬರ ಹಾಕಿ ನೀರು ಹಿಡಿದರೆ ಮಾರ್ಚ್ ಹೊತ್ತಿಗೆ ಹೊಸ ಚಿಗುರಿನ ತುದಿಯಲ್ಲಿ ಮೊಗ್ಗು ಕಾಣಿಸಿಕೊಳ್ಳುತ್ತದೆ. ಬಿಸಿಲು ಏರಿದಷ್ಟೂ ಮೊಗ್ಗು ಹೆಚ್ಚು. ನೆರಳಿನಲ್ಲಿ ನೆಟ್ಟ ಮಲ್ಲಿಗೆ ಎಲೆಯನ್ನಷ್ಟೇ ಹೊತ್ತುಕೊಂಡು ನಿಂತಿರುತ್ತದೆ. ತೆಂಗು ಒತ್ತಾಗಿ ಬೆಳೆದ ಹಿತ್ತಲುಗಳ ಹೆಂಗಸರಿಗೆ ಇದೊಂದು ಹಳೆಯ ಗೋಳು.

ಕೊಯ್ಲು ಬೆಳಗಿನ ಜಾವದ ಕೆಲಸ. ಯಾವ ಮೊಗ್ಗು ಕೊಯ್ಯಬೇಕು ಎಂಬುದು ಕಣ್ಣಿನ ಅಭ್ಯಾಸ. ಹಸಿರು ಛಾಯೆ ಪೂರ್ತಿ ಹೋಗಿ, ತುದಿ ಉಬ್ಬಿ, ಹಾಲಿನ ಬಿಳುಪಿಗೆ ಬಂದದ್ದು ಅಂದೇ ಸಂಜೆ ಬಿರಿಯುವಂಥದ್ದು. ಅದಕ್ಕಿಂತ ಎಳೆಯದನ್ನು ಕಿತ್ತರೆ ಬಿರಿಯದೆ ಬಾಡಿಹೋಗುತ್ತದೆ. ಬಲಿತದ್ದನ್ನು ಬಿಟ್ಟರೆ ನಾಳೆ ಬೆಳಿಗ್ಗೆ ಗಿಡದ ಬುಡದಲ್ಲಿ ಬಿದ್ದಿರುತ್ತದೆ. ಕಟ್ಟುವುದಕ್ಕೆ ಬಾಳೆಯ ನಾರು. ಒಣಗಿದ ಬಾಳೆಪಟ್ಟೆಯನ್ನು ನೀರಿನಲ್ಲಿ ನೆನೆಹಾಕಿ, ಉಗುರಿನಿಂದ ಸೀಳಿ ದಾರ ಮಾಡಿಕೊಳ್ಳುತ್ತಾರೆ. ನಾರಿನ ಒಂದು ತುದಿ ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿಕೊಂಡು, ಈ ಕಡೆ ಎರಡು ಮೊಗ್ಗು, ಆ ಕಡೆ ಎರಡು ಮೊಗ್ಗು ಇಟ್ಟು ಒಂದು ಸುತ್ತು ಸುತ್ತಿ ಕೊಂಡಿ ಹಾಕಿ ಎಳೆದರೆ ದಂಡೆ ಬೆರಳಷ್ಟು ಉದ್ದವಾಗಿ ಮುಂದೆ ಸರಿಯುತ್ತದೆ. ಬಿಗಿಯಾದರೆ ತೊಟ್ಟು ಕತ್ತರಿಸುತ್ತದೆ, ಸಡಿಲಾದರೆ ಸಂಜೆಯೊಳಗೆ ಉದುರುತ್ತದೆ. ನೂಲಿನಲ್ಲಿ ಕಟ್ಟಿದ್ದಕ್ಕೆ ಈ ಬಾಳಿಕೆ ಇಲ್ಲ. ಒದ್ದೆ ನಾರು ತೊಟ್ಟಿಗೆ ದಿನವಿಡೀ ತಂಪು ಕೊಡುತ್ತದೆ. ಸೊಸೆಯ ಕೈಗೆ ಬಾಳೆನಾರು ಬಂತು ಎಂದರೆ ಅವಳು ಮನೆಗೆ ಒಗ್ಗಿದಳು ಎಂದೇ ಹಳಬರ ಲೆಕ್ಕ.

ಬೆಳಿಗ್ಗೆ ಕೊಯ್ದ ಮೊಗ್ಗಿಗೆ ವಾಸನೆಯೇ ಇರುವುದಿಲ್ಲ. ಪರಿಮಳವೆಂಬುದು ಒಳಗೆ ಕೂಡಿಟ್ಟ ಸರಕಲ್ಲ. ಸಂಜೆ ಎಸಳು ಬಿಡಿಸಿಕೊಳ್ಳುತ್ತಿದ್ದಂತೆ ಹೂವು ಅದನ್ನು ಆಗಿಂದಾಗ್ಗೆ ತಯಾರಿಸುತ್ತ ಹೋಗುತ್ತದೆ, ಗಿಡದಿಂದ ಕಿತ್ತ ಮೇಲೂ. ಲಿನಲೂಲ್, ಬೆಂಜೈಲ್ ಅಸಿಟೇಟ್, ಇಂಡೋಲ್ ಮೊದಲಾದವು ಆ ಪರಿಮಳದ ಕೂಟ. ಇವುಗಳಲ್ಲಿ ಇಂಡೋಲ್ ಎಂಬುದು ಹಿತಮಿತದಲ್ಲಿದ್ದರೆ ಸೊಗಸು, ಹೆಚ್ಚಾದರೆ ಹೊಲಸು. ಮದುವೆ ದಿಬ್ಬಣದ ಬಸ್ಸಿನಲ್ಲಿ ಕಿಟಕಿ ಮುಚ್ಚಿ ಕೂತು ತಲೆನೋವು ಬಂದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಚೀನಾದಲ್ಲಿ ಮಲ್ಲಿಗೆ ಚಹಾ ಮಾಡುವವರು ಇದೇ ಗುಣವನ್ನು ಬಳಸಿಕೊಳ್ಳುತ್ತಾರೆ. ಹಗಲು ಮೊಗ್ಗು ಕೊಯ್ದು, ಬಿರಿಯುವ ಹೊತ್ತಿಗೆ ಚಹಾ ಸೊಪ್ಪಿನ ಜೊತೆ ಬೆರೆಸಿ ರಾತ್ರಿಯಿಡೀ ಬಿಡುತ್ತಾರೆ. ಹೂವು ಬಿಟ್ಟ ಪರಿಮಳವನ್ನು ಸೊಪ್ಪು ಹೀರಿಕೊಳ್ಳುತ್ತದೆ. ಅದೂ ನಮ್ಮ ಅಂಗಳದ್ದೇ ಜಾತಿ.

ಮಲ್ಲಿಗೆಯನ್ನು ಬದುಕು ಮಾಡಿಕೊಂಡವರು ಇಲ್ಲಿಂದ ಸುಮಾರು 60 ಕಿ.ಮೀ. ದಕ್ಷಿಣಕ್ಕೆ, ಭಟ್ಕಳದ ಸುತ್ತಮುತ್ತ ಇದ್ದಾರೆ. ಭಟ್ಕಳ ಮಲ್ಲಿಗೆ ಎಂದರೆ ಕುಮಟಾ, ಹೊನ್ನಾವರದ ಹೂವಿನ ಅಂಗಡಿಗಳಲ್ಲಿ ಬೇರೆಯೇ ದರ. ಅಲ್ಲಿನ ನವಾಯತ ಮುಸ್ಲಿಮರ ಮದುವೆಗಳಲ್ಲಿ ಮಲ್ಲಿಗೆಗೆ ದೊಡ್ಡ ಸ್ಥಾನ. ಬೆಳೆಯುವ ಮನೆಗಳಲ್ಲಿ ಹಿಂದೂಗಳ ಮನೆಗಳು ಬಹಳ, ಮುಡಿಯುವ ಮನೆಗಳಲ್ಲಿ ಇಬ್ಬರದೂ. ಇನ್ನೂ ಕೆಳಗೆ, ಉಡುಪಿಯ ಶಂಕರಪುರದ ಕಡೆ ಇದು ಕಟ್ಟುನಿಟ್ಟಾದ ವ್ಯಾಪಾರ. 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ, ಅಟ್ಟೆಗೆ ದಿನದಿನವೂ ದರ. ಮೈಸೂರು, ಹಡಗಲಿ, ಉಡುಪಿ ಮೂರೂ ಊರಿನ ಮಲ್ಲಿಗೆಗೆ ಭೌಗೋಳಿಕ ಗುರುತಿನ (ಜಿಐ) ಮಾನ್ಯತೆ ಸಿಕ್ಕಿದೆ. ಹೊಳನಗದ್ದೆಯಲ್ಲಿ ಮಾತ್ರ ಮಲ್ಲಿಗೆ ವ್ಯಾಪಾರದ ಮಟ್ಟಕ್ಕೆ ಏರಲಿಲ್ಲ. ಮನೆಗೆ, ದೇವರಿಗೆ, ಪಕ್ಕದ ಮನೆಗೆ, ಉಳಿದರೆ ಪೇಟೆಗೆ. ನನಗೆ ಇದು ಕೊರತೆ ಎನಿಸಿಲ್ಲ. ದರ ನಿಗದಿಯಾದ ಊರುಗಳಲ್ಲಿ ಹೂವನ್ನು ಎಣಿಸಿ ಕಟ್ಟುತ್ತಾರೆ, ಇಲ್ಲಿ ಕಟ್ಟಿದ ಮೇಲೆ ಯಾರ ಜಡೆಗೆ ಎಷ್ಟುದ್ದ ಎಂದು ಕತ್ತರಿಸುತ್ತಾರೆ.

ಕೊಡುವ ಬುದ್ಧಿ ಇಲ್ಲದಿದ್ದರೆ ಮಲ್ಲಿಗೆಗೆ ಏನಾಗುತ್ತದೆ ಎಂಬುದಕ್ಕೆ ಇಟಲಿಯಲ್ಲೊಂದು ಕಥೆಯಿದೆ. ಕಾರವಾರ ದಾಟಿದರೆ ಸಿಗುವ ಗೋವೆ ಆಗ ಪೋರ್ಚುಗೀಸರ ಕೈಯಲ್ಲಿತ್ತು. 17ನೇ ಶತಮಾನದ ಕೊನೆಯ ಹೊತ್ತಿಗೆ ಗೋವೆಯಿಂದ ಸುತ್ತು ಮಲ್ಲಿಗೆಯ ಗಿಡವೊಂದು ಟಸ್ಕನಿ ಸೀಮೆಯ ದೊರೆ ಮೂರನೇ ಕೋಸಿಮೊನ ತೋಟ ಸೇರಿತು. ಬಿಳಿ ಗುಲಾಬಿಯ ಮರಿ ಎನ್ನುವಷ್ಟು ದಪ್ಪ ಹೂವಿನ ತಳಿ ಅದು. ದೊರೆ ಅದಕ್ಕೆ ಎಷ್ಟು ಮರುಳಾದನೆಂದರೆ, ಫ್ಲಾರೆನ್ಸ್ ಹತ್ತಿರದ ಕಾಸ್ಟೆಲ್ಲೊ ತೋಟದಲ್ಲಿ ಆ ಮಲ್ಲಿಗೆಗೆಂದೇ ಬೆಚ್ಚನೆಯ ಮನೆ ಕಟ್ಟಿಸಿದ, ಯಾರಿಗೂ ಒಂದು ಕಡ್ಡಿಯೂ ಹೋಗಕೂಡದೆಂದು ಅಪ್ಪಣೆ ಮಾಡಿದ. ಮುಂದಿನದು ಜನ ಹೇಳುವ ಕಥೆ. ತೋಟದ ಮಾಲಿಯೊಬ್ಬ ತಾನು ಮದುವೆಯಾಗಲಿದ್ದ ಹುಡುಗಿಗೆ ಹೂಗುಚ್ಛ ಕೊಡುವಾಗ ಅದರಲ್ಲೊಂದು ಮಲ್ಲಿಗೆಯ ಟೊಂಗೆ ಸೇರಿಸಿದನಂತೆ. ಅವಳು ಅದನ್ನು ಬಾಡಲು ಬಿಡದೆ ನೆಟ್ಟಳು, ಬೆಳೆಸಿದಳು, ಮಾರಿದಳು, ಆ ದುಡ್ಡಿನಲ್ಲಿ ಮದುವೆಯಾಯಿತು. ದೊರೆಯ ಪದವಿ ಆ ತಳಿಗೆ ಹೆಸರಾಗಿ ಅಂಟಿಕೊಂಡು ಇಂದಿಗೂ ಉಳಿದಿದೆ, ಕದ್ದು ಹಂಚಿದವನ ಹೆಸರು ಯಾರಿಗೂ ಗೊತ್ತಿಲ್ಲ. ಕುಮಟಾದ ಹಿತ್ತಲಿನಲ್ಲಿ ಅದೇ ಸುತ್ತು ಮಲ್ಲಿಗೆ ಬಾವಿಕಟ್ಟೆಯ ಪಕ್ಕ, ಪಾತ್ರೆ ತೊಳೆದ ನೀರು ಕುಡಿದುಕೊಂಡು ನಿಂತಿರುತ್ತದೆ. ಕೇಳಿದವರಿಗೆಲ್ಲ ಒಂದೊಂದು ಟೊಂಗೆ. ಪೂರ್ವಕ್ಕೆ ಹೋದ ಮಲ್ಲಿಗೆ ಫಿಲಿಪ್ಪೀನ್ಸಿನಲ್ಲಿ 1934ರಿಂದ ರಾಷ್ಟ್ರದ ಹೂವಾಗಿ ಕೂತಿದೆ. ಅಲ್ಲಿಗೂ ಅದು ಬೀಜವಾಗಿ ಹೋಗಿರಲಾರದು, ಯಾರದೋ ಗಂಟಿನೊಳಗೆ ಕಡ್ಡಿಯಾಗಿ ಹೋಗಿರಬೇಕು.

ಅಬ್ಬಲಿಗೆಯದು ಬೇರೆ ಸ್ವಭಾವ. ಕೇಸರಿ ಬಣ್ಣದ ಈ ಹೂವಿಗೆ ಪರಿಮಳ ಇಲ್ಲ, ಆದರೆ ಮುಡಿದದ್ದು ನಾಳೆಯೂ ಬಣ್ಣ ಬಿಡುವುದಿಲ್ಲ. ಮಲ್ಲಿಗೆಯ ದಂಡೆಯಲ್ಲಿ ನಡುನಡುವೆ ಅಬ್ಬಲಿಗೆ ಸೇರಿಸುವುದು ಈ ಸೀಮೆಯ ಕೊಂಕಣಿಗರಲ್ಲೂ ಕನ್ನಡಿಗರಲ್ಲೂ ಒಂದೇ ಕ್ರಮ. ಇದರ ತೆನೆ ಕೆಳಗಿನಿಂದ ಮೇಲಕ್ಕೆ ಅರಳುತ್ತ ಹೋಗುತ್ತದೆ. ಮೇ ತಿಂಗಳ ಹೊತ್ತಿಗೆ ತುದಿಯಲ್ಲಿ ಹೂವು, ಬುಡದಲ್ಲಿ ಒಣಗಿ ಕಂದಾದ ಕಾಯಿಗಳು. ಅಂಥ ಒಂದು ಕಾಯಿಯನ್ನು ಬಿಡಿಸಿ ಅಂಗೈ ಮೇಲಿಟ್ಟು ಒಂದು ಹನಿ ನೀರು ಹಾಕಿ. ಸ್ವಲ್ಪ ಹೊತ್ತು ಏನೂ ಆಗುವುದಿಲ್ಲ. ಆಮೇಲೆ ‘ಚಟ್’ ಎಂದು ಸಿಡಿದು ಎರಡು ಹೋಳಾಗಿ, ಚಪ್ಪಟೆ ಬೀಜಗಳು ಕೈಯಿಂದಾಚೆ ಹಾರಿರುತ್ತವೆ. ಕಾಯಿಯ ಸಿಪ್ಪೆ ಒದ್ದೆಯಾದಾಗ ಬಿಗಿ ತಪ್ಪಿ ಒಡೆಯುವ ಉಪಾಯ ಇದು. ಒಣ ನೆಲಕ್ಕೆ ಬೀಜ ಬಿದ್ದು ಹಾಳಾಗಬಾರದೆಂದು ಗಿಡ ಕಾಯಿಯನ್ನು ಮುಚ್ಚಿಟ್ಟುಕೊಂಡು ಮಳೆಗೆ ಕಾಯುತ್ತದೆ. ಮೊದಲ ಮಳೆಯ ಸಂಜೆ ಅಬ್ಬಲಿಗೆ ಸಾಲಿನ ಹತ್ತಿರ ನಿಂತರೆ ಹನಿಯ ಸದ್ದಿನ ನಡುವೆ ಈ ಚಟಪಟವೂ ಕೇಳುತ್ತದೆ. ಮಕ್ಕಳಂತೂ ಅಲ್ಲಿಯ ತನಕ ಕಾಯುವವರಲ್ಲ, ಉಗುಳು ಹಚ್ಚಿ ಸಿಡಿಸುತ್ತಾರೆ. ಕೇಳದೆಯೇ ಹರಡುವ ಹೂವು ಎಂದರೆ ಈ ಅಂಗಳದಲ್ಲಿ ಇದೊಂದೇ ಇರಬೇಕು.

ದಾಸವಾಳಕ್ಕೆ ವೈಶಾಖ ಅಷ್ಟು ಒಳ್ಳೆಯದಲ್ಲ. ಹೂ ಬಿಡುತ್ತದೆ, ಆದರೆ ಚಿಗುರಿನ ಸಂದಿಯಲ್ಲಿ ಬಿಳಿ ಹಿಟ್ಟಿನ ಹುಳ ಮೆತ್ತಿಕೊಳ್ಳುವುದೂ ಇದೇ ಸೆಕೆಯಲ್ಲಿ. ಎಲೆ ಮುರುಟಿ, ಮೊಗ್ಗು ಮುದುಡಿ, ಕಾಂಡದ ಮೇಲೆ ಇರುವೆಗಳ ಸಾಲು ಹತ್ತುತ್ತದೆ. ಹುಳ ಬಿಡುವ ಸಿಹಿಗಾಗಿ ಇರುವೆ ಅದನ್ನು ಸಾಕುತ್ತದೆ, ಗಿಡದಿಂದ ಗಿಡಕ್ಕೆ ಹೊತ್ತೂ ಒಯ್ಯುತ್ತದೆ. ಔಷಧದ ಅಂಗಡಿಗೆ ಓಡುವುದಕ್ಕಿಂತ ಮುರುಟಿದ ತುದಿಗಳನ್ನು ಕತ್ತರಿಸಿ ಸುಟ್ಟು, ಉಳಿದದ್ದಕ್ಕೆ ನೀರನ್ನು ರಭಸದಿಂದ ಎರಚುವುದು ಮೇಲು. ಬಾವಿಯಲ್ಲಿ ನೀರಿದ್ದರೆ! ಹುಳ ತಪ್ಪಿದರೆ ಮಂಗ. ಕಾಡಿನಿಂದಿಳಿದ ಮಂಗಗಳಿಗೆ ಕೆಂಪು ದಾಸವಾಳ ಪಂಚಭಕ್ಷ್ಯ. ಬೆಳಗಿನ ಪೂಜೆಗೆ ಹೂವಿಲ್ಲ ಎಂದು ಬೈಯುತ್ತಲೇ ಹೆಂಗಸರು ಎಲೆ ಕಿತ್ತು ಲೋಳೆಯಂಥ ಗಂಪು ಮಾಡಿ ತಲೆ ಮೀಯುತ್ತಾರೆ. ಹೂ ಹೋದರೂ ಸೊಪ್ಪು ಉಳಿಯಿತಲ್ಲ. ಒಂದಿಷ್ಟು ಹೂವು ಮಂಗನ ಕಣ್ಣು ತಪ್ಪಿಸಿ ಸಿಕ್ಕಿದರೆ ಮಜ್ಜಿಗೆ ಬೆರೆಸಿ ತಂಬುಳಿ. ಮಲೇಷ್ಯಾ ದೇಶ ಇದೇ ಕೆಂಪು ದಾಸವಾಳವನ್ನು 1960ರಲ್ಲಿ ರಾಷ್ಟ್ರದ ಹೂವಾಗಿ ಆರಿಸಿಕೊಂಡಿತು. ಅಲ್ಲಿಯ ಮಂಗಗಳ ಅಭಿಪ್ರಾಯ ತಿಳಿದಿಲ್ಲ.

ಮಲ್ಲಿಗೆಗೂ ರೋಗ ಇಲ್ಲವೆಂದಲ್ಲ. ಮೊಗ್ಗು ಬೆಳ್ಳಗಾಗುವ ಬದಲು ನೇರಳೆ ಬಣ್ಣಕ್ಕೆ ತಿರುಗಿ ಬಿರಿಯದೆ ಉದುರಿದರೆ, ಒಳಗೆ ಸಣ್ಣ ನೊಣವೊಂದರ ಮರಿಗಳಿವೆ ಎಂದರ್ಥ. ಅವು ಮಣ್ಣಿಗೆ ಬಿದ್ದು ಅಲ್ಲಿ ಕೋಶ ಕಟ್ಟಿ ಮತ್ತೆ ಮೇಲೇಳುತ್ತವೆ. ಆದ್ದರಿಂದ ಉದುರಿದ ಮೊಗ್ಗನ್ನು ಬುಡದಲ್ಲೇ ಬಿಡಬಾರದು. ದಿನಾ ಅಂಗಳ ಗುಡಿಸುವ ಮನೆಗಳಲ್ಲಿ ಈ ಕಾಟ ಕಡಿಮೆ ಎಂಬುದನ್ನು ನಾನು ಕಂಡಿದ್ದೇನೆ.

ಇಷ್ಟೆಲ್ಲ ಗಿಡಕ್ಕೆ ಮೇ ತಿಂಗಳಲ್ಲಿ ನೀರೆಲ್ಲಿಂದ? ಹೊಯಿಗೆ ನೆಲ ಹಾಕಿದ್ದನ್ನೆಲ್ಲ ಕುಡಿದು ಮತ್ತೆ ಬಾಯಿ ತೆರೆಯುತ್ತದೆ. ಅಕ್ಕಿ ತೊಳೆದ ನೀರು ತುಳಸಿಗೆ, ಪಾತ್ರೆ ತೊಳೆದದ್ದು ಮಲ್ಲಿಗೆಗೆ, ಬಟ್ಟೆ ಒಗೆದ ಕೊನೆಯ ನೀರು ದಾಸವಾಳಕ್ಕೆ ಎಂದು ಪಾಲಾಗಿರುತ್ತದೆ. ಮೀನು ತಿನ್ನುವ ಮನೆಗಳಲ್ಲಿ ಮೀನು ತೊಳೆದ ನೀರು ಗಿಡದ ಬುಡಕ್ಕೆ ಬೀಳುತ್ತದೆ, ಅದರ ಹೂವಿನ ಗಾತ್ರವೇ ಬೇರೆ. ಬುಡಕ್ಕೆ ತೆಂಗಿನ ಸಿಪ್ಪೆ, ದರಕು ಮುಚ್ಚಿ ತಂಪು ಕಾಯುತ್ತಾರೆ. ಕುಂಡಗಳೂ ಅಷ್ಟೇ, ಮನೆಯ ಹಳೆಯ ಸಾಮಾನೇ ಆಗಬೇಕು. ಒಡೆದ ಕೊಡಪಾನ, ಬಣ್ಣದ ಡಬ್ಬಿ, ಮೀನು ತುಂಬಿ ಬಂದ ಥರ್ಮಾಕೋಲ್ ಪೆಟ್ಟಿಗೆ. ಈ ಪೆಟ್ಟಿಗೆಗಳಲ್ಲಿ ಬೆಳಗಿನ ಹತ್ತರ ಹೊತ್ತಿಗೆ ಅರಳಿ ಮಧ್ಯಾಹ್ನ ಮುದುಡುವ ಬಣ್ಣಬಣ್ಣದ ಟೇಬಲ್ ರೋಸ್‌ಗಳು ಚೆನ್ನಾಗಿ ಬರುತ್ತವೆ. ಕಾಲು ಬೆರಳಷ್ಟು ತುಂಡು ಚುಚ್ಚಿದರೂ ಸಾಕು. ಕೊಡುವವರಿಗೂ ಭಾರವಿಲ್ಲ, ತರುವವರಿಗೂ ಸಂಕೋಚವಿಲ್ಲ.

ಅಂಗಳ ದಾಟಿದರೆ ಮರಗಳು. ಸುರಗಿಯ ಕಾಲ ಅಷ್ಟರಲ್ಲಿ ಮುಗಿದಿರುತ್ತದೆ, ಒಣಗಿಸಿದ ದಂಡೆ ಸೀರೆಯ ಪೆಟ್ಟಿಗೆ ಸೇರಿರುತ್ತದೆ. ಒಣಗಿದ ಮೇಲೂ ವಾಸನೆ ಬಿಡದ ಹೂವು ಅದು. ಅನಂತಮೂರ್ತಿಯವರು ತಮ್ಮ ಆತ್ಮಕಥೆಗೆ ಆ ಹೆಸರನ್ನೇ ಇಟ್ಟರು. ಬಕುಳ ಇನ್ನೂ ಬೀಳುತ್ತಿರುತ್ತದೆ. ಬೆಳಿಗ್ಗೆ ಮರದ ಬುಡದಲ್ಲಿ ಆರಿಸಿ, ನಡುವಿನ ತೂತಿನಲ್ಲಿ ನಾರು ತೂರಿಸುತ್ತ ಹೋದರಾಯಿತು, ಗಂಟು ಹಾಕುವ ಕೆಲಸವಿಲ್ಲ. ಹಳೆಯ ಮಾವು, ಹಲಸಿನ ಕೊಂಬೆಗಳ ಮೇಲೆ ಸೀತಾಳೆ ದಂಡೆ ಇಳಿಬಿದ್ದಿರುತ್ತದೆ. ಯಾರೂ ಕಟ್ಟದೆ ತಾನೇ ದಂಡೆಯಾಗಿ ಬರುವ ಈ ಆರ್ಕಿಡ್ ಅಸ್ಸಾಮಿನಲ್ಲೂ ಇದೆ, ಅಲ್ಲಿನ ಹೆಣ್ಣುಮಕ್ಕಳು ಬಿಹು ಹಬ್ಬದ ಕುಣಿತಕ್ಕೆ ಅದನ್ನು ಮುಡಿಯುತ್ತಾರೆ. ನಮ್ಮಲ್ಲಿ ಘಟ್ಟದಿಂದ ಮುರಿದ ಕೊಂಬೆಯ ಜೊತೆ ತಂದು ಅಂಗಳದ ಮಾವಿಗೆ ಕಟ್ಟುವವರಿದ್ದಾರೆ. ಬದುಕಿದರೆ ಹೆಮ್ಮೆ, ಆದರೆ ಬಹಳ ಸಲ ಬದುಕುವುದಿಲ್ಲ. ಅದನ್ನು ಘಟ್ಟದಲ್ಲೇ ಬಿಡುವುದು ಒಳ್ಳೆಯದು ಎಂದು ನನ್ನ ಮತ. ಸುರಗಿ, ಬಕುಳದಂಥ ಮರಗಳಿಗೆ ಬೀಜವೇ ಗತಿ, ಬೀಜಕ್ಕೆ ಒಳ್ಳೆಯ ತಾಯಿಮರವೇ ಗತಿ. ಅಂಕೋಲಾ ತಾಲೂಕಿನ ಹೊನ್ನಳ್ಳಿಯ ತುಳಸಿ ಗೌಡ ಅರಣ್ಯ ಇಲಾಖೆಯ ನರ್ಸರಿಯಲ್ಲಿ ದುಡಿಯುತ್ತ, ಯಾವ ಮರದ ಬೀಜ ಯಾವಾಗ ಆರಿಸಬೇಕು ಎಂಬುದನ್ನು ಬಾಯಲ್ಲೇ ಹೇಳುತ್ತಿದ್ದರು. ಪದ್ಮಶ್ರೀ ಪಡೆದ ಆ ಹಾಲಕ್ಕಿ ಅಜ್ಜಿ 2024ರ ಡಿಸೆಂಬರಿನಲ್ಲಿ ತೀರಿಕೊಂಡರು.

ಇತ್ತೀಚೆಗೆ ಅಂಗಳಕ್ಕೆ ಗಿಡ ಬರುವ ಇನ್ನೊಂದು ದಾರಿ ತೆರೆದಿದೆ. ಆಂಧ್ರದ ಕಡಿಯಂ ಕಡೆಯ ನರ್ಸರಿ ಗಿಡಗಳನ್ನು ಹೊತ್ತ ಟೆಂಪೋಗಳು ಊರ ರಸ್ತೆಯಲ್ಲೇ ನಿಲ್ಲುತ್ತವೆ. ಕಸಿ ಕಟ್ಟಿದ ಅಡೆನಿಯಂ, ಕುಳ್ಳ ಕಾಗದದ ಹೂ, ತಟ್ಟೆಯಗಲದ ಹಳದಿ ದಾಸವಾಳ. ದುಡ್ಡು ಕೊಟ್ಟು ತಂದ ಈ ಗಿಡಗಳನ್ನು ಎದುರುಗಡೆ, ಜಗಲಿಯ ಚಿಟ್ಟೆಯ ಮೇಲೆ, ಪ್ಲಾಸ್ಟಿಕ್ ಕುಂಡದಲ್ಲಿ ಕೂರಿಸುತ್ತಾರೆ. ಬಂದವರ ಕಣ್ಣಿಗೆ ಅವೇ ಮೊದಲು ಬೀಳಬೇಕು. ನನಗೆ ಅಡೆನಿಯಂ ಮೇಲೆ ಸಿಟ್ಟೇನಿಲ್ಲ. ನೀರು ಕೇಳದೆ ಏಪ್ರಿಲ್‌ನ ಬಿಸಿಲಿನಲ್ಲಿ ಹಾಗೆ ಅರಳುವುದಕ್ಕೂ ಗಟ್ಟಿತನ ಬೇಕು. ಆದರೆ ಒಂದು ಮಾತು ಗಮನಿಸಿದ್ದೇನೆ. ಅವುಗಳ ಹೂವು ದೇವರ ತಟ್ಟೆಗೂ ಹೋಗುವುದಿಲ್ಲ, ಜಡೆಗೂ ಏರುವುದಿಲ್ಲ. ಹೊಸ ದಾಸವಾಳಕ್ಕೆ ಮಾತ್ರ ಈಗೀಗ ದೇವರ ಮನೆಯಲ್ಲಿ ಪ್ರವೇಶ ಸಿಕ್ಕಿದೆ. ಇನ್ನು ಆ ಗಿಡಗಳ ಬಗ್ಗೆ ಕೇಳಿದರೆ ಸಿಗುವ ಉತ್ತರ ಕೊಟ್ಟವರ ಹೆಸರಲ್ಲ, ಕೊಟ್ಟ ದುಡ್ಡಿನ ಮೊತ್ತ.

ಮೇ ತಿಂಗಳಲ್ಲಿ ಹೂವು ಕೇಳುವವರೂ ಹೆಚ್ಚು. ಮದುವೆ, ಉಪನಯನ, ಗೃಹಪ್ರವೇಶ ಎಲ್ಲ ಮಳೆ ಹಿಡಿಯುವುದರೊಳಗೆ ಮುಗಿಯಬೇಕು. ಕುಮಟಾ, ಅಂಕೋಲಾ ಸೀಮೆಯ ಗ್ರಾಮದೇವತೆಗಳ ಬಂಡಿಹಬ್ಬಗಳೂ ಈ ದಿನಗಳಲ್ಲೇ. ಅಂಕೋಲೆಯದು ವೈಶಾಖದ ಹುಣ್ಣಿಮೆಗೆ. ಪೂಜಾರಿಗಳಾದ ಗುನಗರು ಹೊರುವ ದೇವಿಯ ಕಳಸಕ್ಕೆ ದಂಡೆಯ ಮೇಲೆ ದಂಡೆ ಏರಿ, ಲೋಹ ಕಾಣಿಸದಷ್ಟು ಹೂವಾಗಿರುತ್ತದೆ. ಪೇಟೆಯ ಹೂವು ಎಷ್ಟು ಬಂದರೂ ಸಾಲುವುದಿಲ್ಲ. ಹಿಂದಿನ ದಿನ ಸಂಜೆಯೇ ಮಕ್ಕಳು ಮನೆಮನೆಗೆ ಬಂದು ‘ಅಮ್ಮ ಹೇಳಿದ್ರು, ಬೆಳಿಗ್ಗೆ ನಿಮ್ಮ ಮಲ್ಲಿಗೆ ಬೇಕಂತೆ’ ಎಂದು ಹೇಳಿ ಓಡುತ್ತಾರೆ. ಇಲ್ಲ ಎನ್ನುವ ಪ್ರಶ್ನೆಯೇ ಇಲ್ಲ. ಆ ದ್ವೇಷ ಈ ದ್ವೇಷ ಎಲ್ಲ ಹೂವಿನ ಬಾಬ್ತಿನಲ್ಲಿ ಲೆಕ್ಕಕ್ಕೆ ಬರುವುದಿಲ್ಲ.

ಅಷ್ಟರಲ್ಲಿ ಒಂದು ರಾತ್ರಿ ಗುಡುಗಿ ನಾಲ್ಕು ಹನಿ ಬಿದ್ದಿರುತ್ತದೆ. ಬರಿಯ ಮಣ್ಣಿದ್ದ ಜಾಗದಿಂದ, ಎಲೆಯೂ ಇಲ್ಲದೆ, ನೆಲಸಂಪಿಗೆ ಮೇಲೆದ್ದು ನೆಲಕ್ಕೆ ಅಂಟಿಕೊಂಡೇ ಅರಳುತ್ತದೆ. ಬಿಳಿ ಎಸಳು, ಕೆಳಗಿನ ಎಸಳಿಗೆ ನೇರಳೆ, ಬಗ್ಗಿ ಮೂಸಿದರೆ ನಿಜಕ್ಕೂ ಘಮ. ಅದರ ಪಕ್ಕದಲ್ಲಿ ಎಲ್ಲರೂ ಮೇ ಫ್ಲವರ್ ಎನ್ನುವ ಕೆಂಪು ಚೆಂಡಿನ ಲಿಲ್ಲಿ. ಆಫ್ರಿಕಾದಿಂದ ಬಂದ ಈ ಗೆಡ್ಡೆ ವರ್ಷವಿಡೀ ಮರೆತುಹೋಗಿದ್ದು, ಅಂಗಳ ಅಗೆಯುವಾಗ ಗುದ್ದಲಿಗೆ ಸಿಕ್ಕದೆ ಉಳಿದಿದ್ದರೆ ಮೇ ತಿಂಗಳು ತಪ್ಪಿಸುವುದಿಲ್ಲ. ಇವೆರಡಕ್ಕೂ ಟೊಂಗೆಯಿಲ್ಲ, ಗೆಡ್ಡೆ ಒಡೆದು ಕೊಡಬೇಕು. ಕೇಳುವವರು ಹೂವಿದ್ದಾಗಲೇ ಕೇಳಿ ಜಾಗ ಗುರುತು ಮಾಡಿಕೊಂಡು ಹೋಗುತ್ತಾರೆ, ಆಮೇಲೆ ಎಲ್ಲಿತ್ತೆಂದು ಮನೆಯವರಿಗೂ ಗೊತ್ತಾಗುವುದಿಲ್ಲ.

ರೋಹಿಣಿ ಕಳೆದು ಮೃಗಶಿರೆ ಹಿಡಿದರೆ ಮಲ್ಲಿಗೆಯ ಕಾಲ ಮುಗಿಯಿತು. ಬಿಡದೆ ಸುರಿಯುವ ಮಳೆಗೆ ಮೊಗ್ಗು ಕಪ್ಪಾಗಿ ಕೊಳೆಯುತ್ತದೆ. ಬಳ್ಳಿ ಮಾತ್ರ ಸೊಕ್ಕಿ ಬೆಳೆಯುತ್ತದೆ. ಕಡ್ಡಿ ನೆಡುವುದು ಆಗ. ವೈಶಾಖದಲ್ಲಿ ಯಾರು ಎಷ್ಟೇ ಕೇಳಲಿ, ಉತ್ತರ ಒಂದೇ: ‘ಈಗ ಕೊಯ್ದರೆ ಬದುಕೂದಿಲ್ಲ ತಂಗಿ. ಮಳೆ ಹಿಡೀಲಿ, ಬಾ, ಕೊಡ್ತೆ.’ ಪೆನ್ಸಿಲ್ ದಪ್ಪದ ಬಲಿತ ಕಡ್ಡಿ, ಮೂರು ಗಿಣ್ಣು, ಕೆಳಗಿನ ಗಿಣ್ಣು ಮಣ್ಣೊಳಗೆ, ಓರೆಯಾಗಿ. ಒಂದೇ ಜಾಗದಲ್ಲಿ ನಾಲ್ಕು ಚುಚ್ಚಿದರೆ ಎರಡಾದರೂ ಹಿಡಿಯುತ್ತವೆ. ಹೀಗೆ ಮಾತು ಕೊಟ್ಟವರು ಮರೆಯುವುದೂ ಉಂಟು, ಮರೆತಂತೆ ಮಾಡುವುದೂ ಉಂಟು. ಕೊಟ್ಟ ಗಿಡ ತನ್ನಲ್ಲಿಗಿಂತ ಚೆನ್ನಾಗಿ ಪಕ್ಕದ ಮನೆಯಲ್ಲಿ ಹೂ ಬಿಟ್ಟೀತು ಎಂಬ ಸಣ್ಣ ಹೊಟ್ಟೆಕಿಚ್ಚು ಯಾರಿಗಿಲ್ಲ! ಅಂಥ ಮನೆಯ ಬೇಲಿಯ ಹತ್ತಿರ ಆಷಾಢದ ಒಂದು ಮಬ್ಬುಗತ್ತಲಿನಲ್ಲಿ ಕೊಡೆ ಹಿಡಿದು ಯಾರಾದರೂ ನಿಧಾನವಾಗಿ ನಡೆದುಹೋದರೆ, ಮನೆಯವರು ಕಂಡೂ ಕಾಣದಂತೆ ಇರುತ್ತಾರೆ. ಕದ್ದು ನೆಟ್ಟ ಗಿಡ ಬೇಗ ಹೂ ಬಿಡುತ್ತದೆ ಎಂಬ ನಂಬಿಕೆ ಬೇಲಿಯ ಎರಡೂ ಕಡೆಯವರಿಗೆ ಇದೆ.